ಬಿಸಿ ಹುಟ್ಟುವ ಜಾಗ



ಮಾಗಿ ಚಳಿ ಇಳಿದಿದೆ. ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕಿದವರಿಗೆ ಅಲ್ಲಿಂದ ಏಳಲು ಮನಸ್ಸಾಗದ ದಿನಗಳಿವು. ಬಚ್ಚಲೊಲೆ ಇಲ್ಲದ ಮನೆಗಳಲ್ಲಿ ಅಟ್ಟದ ಮೇಲಿನಿಂದಲೋ ಮಂಚದ ಅಡಿಯಿಂದಲೋ ಒಂದು ಪುಟ್ಟ ಪೆಟ್ಟಿಗೆ ಹೊರಗೆ ಬಂದಿರುತ್ತದೆ. ಗುಂಡಿ ತಿರುಗಿಸಿದರೆ ಬರ್ರೆಂದು ಸದ್ದು ಮಾಡುತ್ತ ಬಿಸಿಗಾಳಿ ಊದುವ ಫ್ಯಾನ್ ಹೀಟರ್ ಅದು. ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ, ಅದನ್ನು ಇಟ್ಟುಕೊಂಡ ಮನೆ ನಿಶ್ಚಿಂತೆಯಿಂದ ಇರಬೇಕಾದರೆ ಏನು ಮಾಡಬೇಕು ಎಂಬುದನ್ನು ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ನಮ್ಮದು ಸಾಗರದ ಕಡೆಯ ಹಳ್ಳಿ. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಇನ್ನೂ ಇಪ್ಪತ್ತು ದಿನ. ಪುಷ್ಯ ಮಾಸದ ಚಳಿ, ಹಂಚಿನ ಮನೆ, ಸಂದಿಗೊಂದಿಗಳಿಂದೆಲ್ಲ ಥಂಡಿ ಗಾಳಿ. ಹಿಂದಿನ ಕಾಲವಾಗಿದ್ದರೆ ಬಾಣಂತಿ ಕೋಣೆಗೆ ಅಜ್ಜಿಯ ಅಗ್ಗಿಷ್ಟಿಕೆ ಬರುತ್ತಿತ್ತು. ಈ ಸಲ ಭಾವ ಪೇಟೆಯಿಂದ 2000 ವಾಟ್‌ನ ಫ್ಯಾನ್ ಹೀಟರ್ ತಂದರು. ಅದರ ಪ್ಲಗ್ಗಿನ ಪಿನ್ನುಗಳು ದಪ್ಪ. ಕೋಣೆಯಲ್ಲಿದ್ದದ್ದು ಟೇಬಲ್ ಫ್ಯಾನಿಗೆ, ರೇಡಿಯೊಗೆ ಹಾಕಿಸಿದ್ದ ಸಣ್ಣ ಪಾಯಿಂಟು. ನಾನಾಗ ಡಿಪ್ಲೊಮಾ ಎರಡನೇ ವರ್ಷದಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದೆ. ದಪ್ಪ ಪಿನ್ನನ್ನು ಸಣ್ಣ ಪಾಯಿಂಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್ ಒಂದನ್ನೂ ಒಂದು ಎಕ್ಸ್‌ಟೆನ್ಷನ್ ಬಾಕ್ಸನ್ನೂ ತಂದು ಜೋಡಿಸಿಕೊಟ್ಟವನು ನಾನೇ. ಹೀಟರ್ ಚೆನ್ನಾಗಿ ನಡೆಯಿತು. ಮಗು ಬೆಚ್ಚಗೆ ಮಲಗಿತು. ಎಲ್ಲರಿಗೂ ಸಮಾಧಾನ.

ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಮ್ಮನಿಗೆ ಎಚ್ಚರವಾಯಿತು. ಕಮರು ವಾಸನೆ. ಹೀಟರ್ ಮಾಮೂಲಿನಂತೆ ಓಡುತ್ತಲೇ ಇತ್ತು. ವಾಸನೆ ಬರುತ್ತಿದ್ದದ್ದು ಅದರಿಂದಲ್ಲ, ಮಗುವಿನ ಬಟ್ಟೆ ಬುಟ್ಟಿಯ ಹಿಂದೆ ಬಿದ್ದಿದ್ದ ಆ ಎಕ್ಸ್‌ಟೆನ್ಷನ್ ಬಾಕ್ಸಿನಿಂದ. ಪ್ಲಗ್ಗು ಕೂತ ಜಾಗದಲ್ಲಿ ಪ್ಲಾಸ್ಟಿಕ್ಕು ಮೆತ್ತಗಾಗಿ, ಕಂದಾಗಿ, ಒಂದು ಪಿನ್ನಿನ ಸುತ್ತ ಕರಟಿಹೋಗಿತ್ತು. ಬುಟ್ಟಿಯ ಬಟ್ಟೆ ಅಲ್ಲಿಂದ ನಾಲ್ಕು ಬೆರಳು ದೂರ. ಅಮ್ಮ ಸ್ವಿಚ್ ಆರಿಸಿದಳು. ಅಷ್ಟು ಹೊತ್ತಿಗೆ ಎದ್ದು ಬಂದ ಅಜ್ಜಿ ಯಾರನ್ನೂ ಬೈಯಲಿಲ್ಲ. "ಬೆಂಕಿ ಇಟ್ಟ ಮೇಲೆ ಕಣ್ಣೂ ಅಲ್ಲೇ ಇಡಬೇಕು ತಮಾ" ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡಳು.

ಅವತ್ತು ಫ್ಯೂಸು ಹೋಗಿರಲಿಲ್ಲ. ಹೀಟರ್ ಕೆಟ್ಟಿರಲಿಲ್ಲ. ಹಾಗಾದರೆ ಆ ಬಿಸಿ ಬಂದದ್ದೆಲ್ಲಿಂದ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಇದೇ ವಿಷಯ ಪಾಠ ಮಾಡುವವನಾದೆ. ಪ್ರತಿ ವರ್ಷ ಹುಡುಗರಿಗೆ ಮೊದಲು ಹೇಳುತ್ತಿದ್ದ ಮಾತನ್ನೇ ನಿಮಗೂ ಹೇಳುತ್ತೇನೆ. ಫ್ಯಾನ್ ಹೀಟರ್ ಸುರಕ್ಷಿತವಾಗಿರಲು ಎರಡೇ ಸಂಗತಿ ಬೇಕು. ಬಿಸಿ ಎಲ್ಲಿ ಹುಟ್ಟಬೇಕೋ ಅಲ್ಲೇ ಹುಟ್ಟಬೇಕು. ಹುಟ್ಟಿದ ಬಿಸಿ ಅಲ್ಲಿ ನಿಲ್ಲದೆ ಹರಿದುಹೋಗಬೇಕು. ಇನ್ನು ಹೇಳುವುದೆಲ್ಲ ಈ ಎರಡು ಮಾತುಗಳ ವಿವರಣೆ.

ಬಿಸಿ ಹುಟ್ಟುವುದು ಹೇಗೆ ನೋಡೋಣ. ತಂತಿಯಲ್ಲಿ ಕರೆಂಟು ಹರಿಯುವಾಗ ಆ ತಂತಿ ಕಡಿಮೆಯೋ ಹೆಚ್ಚೋ ಅಡ್ಡಿ ಮಾಡುತ್ತದೆ. ಇದನ್ನು ಪಠ್ಯಪುಸ್ತಕಗಳಲ್ಲಿ ರೋಧ ಎನ್ನುತ್ತಾರೆ. ಈ ಅಡ್ಡಿಯನ್ನು ದಾಟುವಾಗ ಕರೆಂಟಿನ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. 1840ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಟ್ ಜೌಲ್ ಎಂಬ ತರುಣ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಿಂದ ಅಳೆದು ಒಂದು ಲೆಕ್ಕ ಕಂಡುಕೊಂಡರು. ಅಡ್ಡಿ ಎರಡರಷ್ಟಾದರೆ ಬಿಸಿ ಎರಡರಷ್ಟು. ಆದರೆ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಮೂರರಷ್ಟಾದರೆ ಒಂಬತ್ತರಷ್ಟು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಮನೆಯ ಎಕ್ಸ್‌ಟೆನ್ಷನ್ ಬಾಕ್ಸು ಕರಗಿದ ಗುಟ್ಟು ಇದರಲ್ಲೇ ಇದೆ.

ಹೀಟರಿನ ಜಾಲರಿಯ ಒಳಗೆ ಇಣುಕಿದರೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಕಾಣುತ್ತದೆ. ಅದೇ ಕಾಯಿಲ್. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ ಮಾಡಿದ ನೈಕ್ರೋಮ್ ಎಂಬ ಮಿಶ್ರಲೋಹ. ಸಾಮಾನ್ಯವಾಗಿ ನೂರಕ್ಕೆ 80 ಭಾಗ ನಿಕ್ಕಲ್, 20 ಭಾಗ ಕ್ರೋಮಿಯಂ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಇದಕ್ಕೆ ಪೇಟೆಂಟ್ ಪಡೆದರು. ತಾಮ್ರಕ್ಕಿಂತ ಇದು ಕರೆಂಟಿಗೆ ಸುಮಾರು ಅರವತ್ತು ಪಟ್ಟು ಹೆಚ್ಚು ಅಡ್ಡಿ ಮಾಡುತ್ತದೆ. ಕರಗಬೇಕಾದರೆ ಸುಮಾರು 1400 ಡಿಗ್ರಿ ಕಾವು ಬೇಕು. ಇನ್ನೂ ದೊಡ್ಡ ಗುಣವೆಂದರೆ, ಕಬ್ಬಿಣದ ತಂತಿ ಕೆಂಪಗೆ ಕಾದರೆ ತುಕ್ಕಿನಂತೆ ಪದರ ಪದರವಾಗಿ ಉದುರಿ ಸವೆದುಹೋಗುತ್ತದೆ. ನೈಕ್ರೋಮ್ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳ್ಳನೆಯ ಪೊರೆ ಬಿಗಿಯಾಗಿ ಕೂತು, ಒಳಗಿನ ಲೋಹವನ್ನು ಕಾಯುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಬಾಳುತ್ತದೆ. ಈ ಸುರುಳಿಯನ್ನು ಹಿಡಿದು ನಿಲ್ಲಿಸಲು ಅಭ್ರಕದ ಹಾಳೆಯನ್ನೋ ಪಿಂಗಾಣಿಯನ್ನೋ ಬಳಸುತ್ತಾರೆ. ಅವು ಬಿಸಿಗೂ ಜಗ್ಗುವುದಿಲ್ಲ, ಕರೆಂಟನ್ನೂ ಹಾಯಗೊಡುವುದಿಲ್ಲ. ಅಂದರೆ ಬಿಸಿ ಹುಟ್ಟಬೇಕಾದ ಜಾಗವನ್ನು ಹೀಟರ್ ಮಾಡಿದವರು ಬಹಳ ಯೋಚಿಸಿ ಕಟ್ಟಿರುತ್ತಾರೆ.

ಈಗ ಫ್ಯಾನಿನ ಕೆಲಸ. ಕೋಣೆಗೆ ಗಾಳಿ ಹರಡುವುದಷ್ಟೇ ಅದರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಕಾಯಿಲಿನ ಬಿಸಿಯನ್ನು ಹುಟ್ಟಿದ ಕ್ಷಣವೇ ಅಲ್ಲಿಂದ ಹೊತ್ತೊಯ್ಯುವುದು. ಒಂದು ಲೆಕ್ಕ ನೋಡಿ. 2000 ವಾಟ್‌ನ ಹೀಟರಿನ ಮೂಲಕ ಸೆಕೆಂಡಿಗೆ 30 ಲೀಟರ್ ಗಾಳಿ ಹಾದುಹೋದರೆ ಆ ಗಾಳಿ ಒಳಬಂದಾಗಿನದಕ್ಕಿಂತ ಸುಮಾರು 55 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ. ಗಾಳಿ 15 ಲೀಟರಿಗೆ ಇಳಿದರೆ 110 ಡಿಗ್ರಿ. ಕಾಯಿಲ್ ತನ್ನ ಬಿಸಿಯನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ, ಹೊರುವವರು ಕಡಿಮೆಯಾದರೆ ಹೊರೆ ಹೆಚ್ಚುತ್ತದೆ. ಗಾಳಿ ಪೂರ್ತಿ ನಿಂತರೆ ಮಂಕಾಗಿದ್ದ ಕಾಯಿಲ್ ನೋಡನೋಡುತ್ತ ಕೆಂಡದ ಬಣ್ಣಕ್ಕೆ ತಿರುಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ಕು ಬಾಗತೊಡಗುತ್ತದೆ.

ಇದರಿಂದ ಮೊದಲ ಎಚ್ಚರಿಕೆ ತಾನಾಗಿಯೇ ಹುಟ್ಟುತ್ತದೆ. ಹೀಟರ್ ಹಿಂದಿನಿಂದ ಗಾಳಿ ಎಳೆದುಕೊಂಡು ಮುಂದಿನಿಂದ ಬಿಡುತ್ತದೆ. ಎರಡು ಕಡೆಯೂ ತೆರವಾಗಿರಬೇಕು. ಗೋಡೆಗೆ ಒತ್ತಿ ಇಡಬಾರದು. ಮಂಚದ ಕೆಳಗೆ, ಮೇಜಿನ ಸಂದಿಯಲ್ಲಿ, ಪರದೆಯ ಪಕ್ಕದಲ್ಲಿ ಇಡಬಾರದು. ಹಾಸಿಗೆ, ಸೋಫಾ, ಕಾಗದ, ಬಟ್ಟೆ ಇವೆಲ್ಲ ಒಂದು ಮೀಟರ್, ಅಂದರೆ ಮೂರಡಿಯಾದರೂ ದೂರ ಇರಬೇಕು.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುವುದು ನಮ್ಮ ಹಳೆಯ ರೂಢಿ. ಆ ರೂಢಿಯಲ್ಲೇ ಮಗುವಿನ ಲಂಗೋಟಿ, ಸಾಕ್ಸು, ಕುಲಾವಿಗಳನ್ನು ಹೀಟರಿನ ಬೆನ್ನಿನ ಮೇಲೆ ಹರಡುವವರಿದ್ದಾರೆ. ಒದ್ದೆ ಬಟ್ಟೆ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಒಣಗಿದ ಮೇಲೆ ಹಗುರಾಗಿ ಜಾರಿ ಜಾಲರಿಯ ಮುಂದೆ ಬೀಳುತ್ತದೆ. ನೀರು ತೊಟ್ಟಿಕ್ಕಿದರೆ ಕರೆಂಟಿನ ಭಯ ಬೇರೆ. ಒಲೆಯ ಮೇಲಿನ ಗಳಕ್ಕೂ ಉರಿಗೂ ನಡುವೆ ಆಳೆತ್ತರದ ಅಂತರ ಇರುತ್ತಿತ್ತು ಎಂಬುದನ್ನು ನೆನಪಿಡಿ. ಹಿರಿಯರು ಆ ಅಂತರವನ್ನು ಸುಮ್ಮನೆ ಬಿಟ್ಟಿರಲಿಲ್ಲ.

ಗಾಳಿ ನಿಂತುಹೋದಾಗ ಅನಾಹುತ ಆಗದಿರಲೆಂದು ಹೀಟರಿನೊಳಗೆ ಕಾವಲುಗಾರರನ್ನು ಇಟ್ಟಿರುತ್ತಾರೆ. ಮೊದಲನೆಯದು ಥರ್ಮೋಸ್ಟಾಟ್. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಸಣ್ಣ ಪಟ್ಟಿ ಅದು. ಬಿಸಿಯಾದಾಗ ಒಂದು ಹೆಚ್ಚು ಉದ್ದವಾಗುತ್ತದೆ, ಇನ್ನೊಂದು ಅಷ್ಟಾಗುವುದಿಲ್ಲ, ಆದ್ದರಿಂದ ಪಟ್ಟಿ ಬಾಗುತ್ತದೆ. ಬಾಗಿದಾಗ ಸಂಪರ್ಕ ತಪ್ಪಿ ಕರೆಂಟು ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ನೇರವಾಗಿ ಕೂಡಿಕೊಳ್ಳುತ್ತದೆ. ಹೀಟರ್ ಓಡುವಾಗ ಆಗಾಗ ಕೇಳುವ ಟಕ್ ಎಂಬ ಸದ್ದು ಇದರದು. ಎರಡನೆಯದು ಥರ್ಮಲ್ ಕಟ್‌ಔಟ್. ಕೋಣೆಯ ಹದ ನೋಡುವುದು ಇದರ ಕೆಲಸವಲ್ಲ. ಹೀಟರಿನ ಒಡಲೇ ಅತಿಯಾಗಿ ಕಾದಾಗ ಇದು ಕರೆಂಟನ್ನು ಕಡಿಯುತ್ತದೆ. ಮೂರನೆಯದು ಥರ್ಮಲ್ ಫ್ಯೂಸ್. ಮೊದಲಿನ ಎರಡೂ ಕೈಕೊಟ್ಟರೆ ಇದು ಒಂದೇ ಒಂದು ಸಲ ಕರಗಿ, ಹೀಟರನ್ನು ನಿಲ್ಲಿಸಿ, ತಾನು ಮುಗಿದುಹೋಗುತ್ತದೆ. ಕೆಲವು ಹೀಟರುಗಳ ತಳದಲ್ಲಿ ಸಣ್ಣ ಗುಂಡಿಯೊಂದಿರುತ್ತದೆ. ಹೀಟರ್ ಮಗುಚಿಬಿದ್ದರೆ ಆ ಗುಂಡಿ ಹೊರಚಾಚಿ ಕರೆಂಟು ನಿಲ್ಲುತ್ತದೆ.

ಇಲ್ಲಿ ಒಂದು ವಿನಂತಿ. ಹೀಟರ್ ಪದೇ ಪದೇ ತಾನಾಗಿ ನಿಲ್ಲುತ್ತಿದ್ದರೆ ಅದನ್ನು ಹೀಟರಿನ ತುಂಟತನ ಎಂದು ತಿಳಿಯಬೇಡಿ. ಗಾಳಿಯ ದಾರಿಯಲ್ಲಿ ಧೂಳು ಕಟ್ಟಿದೆ, ಇಲ್ಲವೇ ಫ್ಯಾನಿನ ಮೋಟಾರು ನಿಧಾನವಾಗಿದೆ ಎಂದು ಕಾವಲುಗಾರ ಕೂಗಿ ಹೇಳುತ್ತಿದ್ದಾನೆ ಅಂತ ಅರ್ಥ. ರಿಪೇರಿಗೆ ಕೊಟ್ಟಾಗ ಥರ್ಮಲ್ ಫ್ಯೂಸಿನ ಬದಲು ತಂತಿಯ ತುಂಡೊಂದನ್ನು ಹಾಕಿ ಓಡಿಸಿಕೊಡುವುದುಂಟು. ಹೀಟರ್ ಓಡುತ್ತದೆ ನಿಜ, ಆದರೆ ಇನ್ನು ಮುಂದೆ ಅದನ್ನು ನಿಲ್ಲಿಸುವವರು ಯಾರೂ ಇಲ್ಲ. "ಫ್ಯೂಸ್ ಹೋಗಿದ್ದರೆ ಅದೇ ಅಳತೆಯ ಹೊಸ ಫ್ಯೂಸನ್ನೇ ಹಾಕಿ, ತಂತಿ ಹಾಕಬೇಡಿ" ಎಂದು ರಿಪೇರಿಯವರಿಗೆ ಬಾಯಿಬಿಟ್ಟು ಹೇಳಿ. ಹೊಸದು ಕೊಳ್ಳುವವರು ಐಎಸ್‌ಐ ಮುದ್ರೆ ಇದೆಯೇ ನೋಡಿ ಕೊಳ್ಳಿ.

ಈಗ ನಮ್ಮ ಬಾಣಂತಿ ಕೋಣೆಗೆ ಮರಳೋಣ. ಹೀಟರ್ 2000 ವಾಟ್, ಮನೆಯ ಕರೆಂಟು 230 ವೋಲ್ಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 8.7 ಆಂಪಿಯರ್. ಆ ಕೋಣೆಯ ಸಣ್ಣ ಪಾಯಿಂಟು ತಾಳುವುದು 6 ಆಂಪಿಯರ್, ಹಳೆಯದಾದರೆ 5. ದಪ್ಪ ಪಿನ್ನಿನ ಪವರ್ ಪಾಯಿಂಟು 16 ಆಂಪಿಯರಿನದು, ಹಳೆಯದಾದರೆ 15. ಪ್ಲಗ್ಗಿನ ಪಿನ್ನನ್ನು ದಪ್ಪ ಮಾಡಿರುವುದೇ ಅದು ಸಣ್ಣ ಪಾಯಿಂಟಿನೊಳಗೆ ಹೋಗಬಾರದು ಎಂದು. ನಾನು ಪೇಟೆಯಿಂದ ತಂದ ಕನ್ವರ್ಷನ್ ಪ್ಲಗ್ಗು ಆ ಎಚ್ಚರಿಕೆಯನ್ನೇ ಅಳಿಸಿಹಾಕಿತು.

ಇಷ್ಟೇ ಆಗಿದ್ದರೆ ಪ್ಲಾಸ್ಟಿಕ್ಕು ಬರಿದೆ ಬಿಸಿಯಾಗಿ ಸುಮ್ಮನಾಗುತ್ತಿತ್ತೇನೋ. ಆದರೆ ಅಗ್ಗದ ಬಾಕ್ಸು, ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಪಿನ್ನನ್ನು ಗಟ್ಟಿಯಾಗಿ ಹಿಡಿದಿರಲಿಲ್ಲ. ಹೀಗೆ ಸಡಿಲವಾದ ಜಾಗದಲ್ಲಿ ಕರೆಂಟು ಸೂಜಿಮೊನೆಯಷ್ಟು ದಾರಿಯಲ್ಲಿ ನುಸುಳಬೇಕಾಗುತ್ತದೆ. ಅಲ್ಲಿ ಅಡ್ಡಿ ಹುಟ್ಟುತ್ತದೆ. ಬರೀ ಅರ್ಧ ಓಮ್ ಎಂದುಕೊಳ್ಳಿ. ಜೌಲರ ಲೆಕ್ಕದಂತೆ 8.7ನ್ನು 8.7ರಿಂದ ಗುಣಿಸಿ, ಅರ್ಧ ಮಾಡಿದರೆ ಸುಮಾರು 38 ವಾಟ್. ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ನೋಡಿದ್ದೀರಲ್ಲ, ಸೀಸವನ್ನು ನೀರಿನಂತೆ ಕರಗಿಸುವ ಅದು ಸಾಮಾನ್ಯವಾಗಿ 25 ವಾಟ್‌ನದು. ಅಂದರೆ ಮಗುವಿನ ಬಟ್ಟೆ ಬುಟ್ಟಿಯ ಹಿಂದೆ, ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ, ಸೋಲ್ಡರಿಂಗ್ ಐರನ್ನಿನಂಥ ಬಿಸಿಯನ್ನು ರಾತ್ರಿಯಿಡೀ ಉರಿಸಿಟ್ಟ ಹಾಗಾಗಿತ್ತು. ಬಿಸಿ ಹುಟ್ಟಬಾರದ ಜಾಗದಲ್ಲಿ ಹುಟ್ಟಿತ್ತು.

ಫ್ಯೂಸು ಯಾಕೆ ಹೋಗಲಿಲ್ಲ? ಫ್ಯೂಸು, ಎಂಸಿಬಿಗಳು ಕಾಯುವುದು ಕರೆಂಟು ಮಿತಿಮೀರಿ ಹರಿದಾಗ. ಸಡಿಲವಾದ ಪ್ಲಗ್ಗಿನಲ್ಲಿ ಕರೆಂಟು ಹೆಚ್ಚುವುದಿಲ್ಲ, ಅಡ್ಡಿ ಸೇರಿಕೊಂಡದ್ದರಿಂದ ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಎಂಸಿಬಿಯ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಆದ್ದರಿಂದ "ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಹೆದರಿಕೆ ಇಲ್ಲ" ಎನ್ನುವವರು ದಯವಿಟ್ಟು ಇದನ್ನು ಗಮನಿಸಿ. ಸಡಿಲ ಪ್ಲಗ್ಗನ್ನು ಕಂಡುಹಿಡಿಯುವ ಸಾಧನ ನಿಮ್ಮ ಕೈ ಮತ್ತು ನಿಮ್ಮ ಮೂಗು. ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಹಿಡಿದುಕೊಳ್ಳಲಾಗದಷ್ಟು ಬಿಸಿ ಇದ್ದರೆ, ಪಿನ್ನು ಕಪ್ಪಾಗಿದ್ದರೆ, ಪ್ಲಾಸ್ಟಿಕ್ಕಿನ ಬಣ್ಣ ತಿರುಗಿದ್ದರೆ, ಒಳಗಿನಿಂದ ಚಿಟಿಚಿಟಿ ಸದ್ದು ಕೇಳಿದರೆ, ಆ ಪಾಯಿಂಟನ್ನು ಬದಲಿಸುವವರೆಗೆ ಅಲ್ಲಿ ಹೀಟರ್ ಹಾಕಬೇಡಿ. ವೈರಿಂಗ್ ಗೊತ್ತಿರುವವರನ್ನು ಕರೆಸಿ, ಗಟ್ಟಿಯಾದ ವೈರು ಎಳೆಸಿ, ಅರ್ತ್ ಇರುವ ಪವರ್ ಪಾಯಿಂಟ್ ಹಾಕಿಸಿ. ಹೀಟರನ್ನು ನೇರವಾಗಿ ಗೋಡೆಯ ಪವರ್ ಪಾಯಿಂಟಿಗೇ ಸಿಕ್ಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್, ಮಲ್ಟಿಪ್ಲಗ್ ಎರಡೂ ಬೇಡ.

ವೈರಿನ ವಿಷಯದಲ್ಲೂ ಇದೇ ಮಾತು. ವೈರಿನ ತಾಮ್ರವೂ ತುಸು ಬಿಸಿಯಾಗುತ್ತದೆ. ಸುತ್ತಲ ಗಾಳಿ ಆ ಬಿಸಿಯನ್ನು ಹೊತ್ತೊಯ್ಯುವುದರಿಂದ ನಮಗೆ ಗೊತ್ತಾಗುವುದಿಲ್ಲ. ಅದೇ ವೈರನ್ನು ಸಿಂಬೆಯಂತೆ ಸುತ್ತಿಟ್ಟರೆ, ಚಾಪೆಯ ಅಡಿಯಲ್ಲೋ ಜಮಖಾನದ ಅಡಿಯಲ್ಲೋ ತೂರಿಸಿದರೆ, ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಒಳಗೊಳಗೇ ಕೂಡುತ್ತದೆ. ವೈರಿನ ಮೇಲಿನ ಹೊದಿಕೆ ಮೆತ್ತಗಾಗುತ್ತದೆ. ವೈರನ್ನು ಬಿಚ್ಚಿ, ಕಣ್ಣಿಗೆ ಕಾಣುವಂತೆ, ಕಾಲಿಗೆ ತೊಡರದಂತೆ ಬಿಡಬೇಕು.

ಕೆಲವರು ಕೇಳುತ್ತಾರೆ, ಈಗ ಬಂದಿರುವ ಸೆರಾಮಿಕ್ ಹೀಟರ್ ಹೇಗೆ ಅಂತ. ಅದರಲ್ಲಿ ನೈಕ್ರೋಮ್ ಸುರುಳಿಯ ಬದಲು ಬೇರಿಯಂ ಟೈಟನೇಟಿನಿಂದ ಮಾಡಿದ ಬಿಲ್ಲೆಗಳಿರುತ್ತವೆ. ಒಂದು ಮಟ್ಟದ ಬಿಸಿ ದಾಟಿದರೆ ಆ ಬಿಲ್ಲೆಯ ರೋಧ ಒಮ್ಮೆಗೇ ಏರಿ, ಕರೆಂಟು ತಾನಾಗಿ ಇಳಿಯುತ್ತದೆ. ಗಾಳಿ ನಿಂತರೂ ಕೆಂಡವಾಗುವುದಿಲ್ಲ. ಇದು ನಿಜಕ್ಕೂ ಒಳ್ಳೆಯ ಗುಣ. ಆದರೆ ನೆನಪಿರಲಿ, ಬಿಲ್ಲೆ ಕಾಯುವುದು ತನ್ನನ್ನು ಮಾತ್ರ. ಗೋಡೆಯ ಪ್ಲಗ್ಗು ಸಡಿಲವಾಗಿದ್ದರೆ ಅದು ಏನೂ ಮಾಡಲಾರದು.

ಇನ್ನು ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆ. ಹೀಟರ್ ಕೋಣೆಯ ಆಮ್ಲಜನಕವನ್ನು ಸುಟ್ಟುಬಿಡುತ್ತದೆ ಎನ್ನುತ್ತಾರೆ. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಆಮ್ಲಜನಕ ಖರ್ಚಾಗುವುದಿಲ್ಲ. ಆದರೂ ತುಟಿ ಒಡೆಯುತ್ತದೆ, ಗಂಟಲು ಒಣಗುತ್ತದೆ. ಅದಕ್ಕೆ ಕಾರಣ ಬೇರೆ. ಗಾಳಿ ಬಿಸಿಯಾದಂತೆ ತೇವವನ್ನು ಹೀರಿಕೊಳ್ಳುವ ಅದರ ಶಕ್ತಿ ಹೆಚ್ಚುತ್ತದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 9 ಗ್ರಾಂ, 25 ಡಿಗ್ರಿಯಲ್ಲಿ 23 ಗ್ರಾಂ. ಇಬ್ಬನಿ ಸುರಿಯುವ ಬೆಳಗಿನ ಒದ್ದೆ ಗಾಳಿಯನ್ನು ಕೋಣೆಯಲ್ಲಿ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಶೇಕಡಾ ನೂರರಿಂದ ನಲವತ್ತಕ್ಕೆ ಇಳಿಯುತ್ತದೆ. ಹಸಿದ ಗಾಳಿ ನಮ್ಮ ಚರ್ಮದಿಂದ, ಗಂಟಲಿನಿಂದ ತೇವ ಎಳೆದುಕೊಳ್ಳುತ್ತದೆ. ಕೋಣೆಯ ಮೂಲೆಯಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡುವುದು ಸರಿ, ಹೀಟರಿನ ಮೇಲೆ ಮಾತ್ರ ಇಡಬೇಡಿ.

ಆಮ್ಲಜನಕದ ಭಯ ನಿಜವಾಗಿ ಇರಬೇಕಾದದ್ದು ಕೆಂಡದ ವಿಷಯದಲ್ಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಹೋದ ಸುದ್ದಿಯನ್ನು ಪ್ರತಿ ಚಳಿಗಾಲವೂ ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಅಜ್ಜಿಗೆ ಆ ಅನಿಲದ ಹೆಸರು ಗೊತ್ತಿರಲಿಲ್ಲ. ಆದರೆ ಕೆಂಡವನ್ನು ಅಂಗಳದಲ್ಲಿ ಹೊಗೆ ಆರುವವರೆಗೆ ಇಟ್ಟು, ಆಮೇಲೆ ಒಳಗೆ ತಂದು, ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ತಾನು ಪಕ್ಕದಲ್ಲೇ ಕೂತಿರುತ್ತಿದ್ದಳು. ಮಲಗುವ ಹೊತ್ತಿಗೆ ಅಗ್ಗಿಷ್ಟಿಕೆ ಹೊರಗೆ ಹೋಗಲೇಬೇಕು. ಹೊಗೆ ಆರಿದ ಕೆಂಡದಿಂದಲೂ ಈ ಅನಿಲ ಬರುತ್ತದೆ, ಒಂದು ಗೇಣಿನ ಬಾಗಿಲು ಸಾಕಾಗುತ್ತದೆ ಎನ್ನುವಂತಿಲ್ಲ. ಹಾಗಾಗಿ ಬಾಣಂತಿ ಕೋಣೆಗೆ ಇದ್ದಿಲಿಗಿಂತ ಕರೆಂಟಿನ ಹೀಟರೇ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ, ಅದನ್ನು ಸರಿಯಾಗಿ ಬಳಸುವುದಾದರೆ.

ಬಾಣಂತಿ, ಮಗು ಇರುವ ಕೋಣೆಯಲ್ಲಿ ಹೀಗೆ ಮಾಡಿ. ಮಗುವನ್ನು ಮಲಗಿಸುವ ಮೊದಲೇ ಹೀಟರ್ ಹಾಕಿ ಕೋಣೆಯನ್ನು ಬೆಚ್ಚಗೆ ಮಾಡಿ, ಮಲಗಿದ ಮೇಲೆ ಆರಿಸಿ. ಬಿಸಿಗಾಳಿ ನೇರವಾಗಿ ಮಗುವಿನ ಮುಖಕ್ಕೆ ಬಡಿಯಬಾರದು. ಚಳಿಯಷ್ಟೇ ಸೆಖೆಯೂ ಎಳೆ ಮಗುವಿಗೆ ಕಷ್ಟ, ಅದು ಹೇಳಿಕೊಳ್ಳಲಾರದು. ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿ, ಬೆವರಿದ್ದರೆ ಕೋಣೆ ಅತಿಯಾಗಿ ಕಾದಿದೆ ಎಂದರ್ಥ. ಎಣ್ಣೆ ಹಚ್ಚಿ ನೀರು ಹಾಕುವ ಬಚ್ಚಲಿಗೆ ಹೀಟರನ್ನು ಯಾವ ಕಾರಣಕ್ಕೂ ಒಯ್ಯಬೇಡಿ. ನೀರು, ಒದ್ದೆ ಕೈ, ಕರೆಂಟು ಮೂರೂ ಒಂದು ಕಡೆ ಸೇರಬಾರದು. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ ಅವರ ಪಾದಗಳಿಗೆ ಬಿಸಿಯ ಅರಿವು ಕಡಿಮೆಯಾಗಿರಬಹುದು. ಹೀಟರಿನ ಮುಂದೆ ಕಾಲು ಚಾಚಿ ಕೂತು, ಸುಟ್ಟು ಬೊಬ್ಬೆ ಬಂದ ಮೇಲಷ್ಟೇ ಗೊತ್ತಾಗುವುದುಂಟು. ಅವರ ಕುರ್ಚಿ ದೂರವೇ ಇರಲಿ.

ರಾತ್ರಿಯಿಡೀ ಹೀಟರ್ ಬೇಕೇ ಎಂಬ ಪ್ರಶ್ನೆಗೂ ಒಂದು ಲೆಕ್ಕ ಇದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿಯ ತೂಕ ಸುಮಾರು 40 ಕಿಲೋ. ಆ ಗಾಳಿಯಷ್ಟನ್ನೇ 10 ಡಿಗ್ರಿ ಬಿಸಿ ಮಾಡಲು 2000 ವಾಟ್‌ನ ಹೀಟರಿಗೆ ಮೂರೂವರೆ ನಿಮಿಷ ಸಾಕು. ಆದರೂ ಗಂಟೆಗಟ್ಟಲೆ ಓಡಿಸುತ್ತೇವೆ, ಯಾಕೆಂದರೆ ಬಿಸಿ ಬಾಗಿಲ ಸಂದಿಯಿಂದ, ಹಂಚಿನ ಮಾಡಿನಿಂದ ಸೋರಿಹೋಗುತ್ತದೆ. ತಣ್ಣನೆಯ ಗೋಡೆ, ನೆಲಗಳೂ ಹೀರಿಕೊಳ್ಳುತ್ತವೆ. ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು, ಬಾಗಿಲ ಬುಡಕ್ಕೆ ಹಳೆಯ ಸೀರೆ ಸುತ್ತಿಟ್ಟು, ನೆಲಕ್ಕೆ ಕಂಬಳಿ ಹಾಸಿದರೆ, ಅರ್ಧ ಗಂಟೆಯ ಬಿಸಿ ಬಹಳ ಹೊತ್ತು ಉಳಿಯುತ್ತದೆ. ಒಂದು ಗಂಟೆ ಓಡಿದರೆ ಎರಡು ಯೂನಿಟ್, ಎಂಟು ಗಂಟೆಗೆ ಹದಿನಾರು. ನಮ್ಮ ಶರಾವತಿ ಕಣಿವೆಯವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಒಂದು ಸಾವಿರ ಲೀಟರ್ ನೀರು 400 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿದು ಟರ್ಬೈನ್ ತಿರುಗಿಸಿದರೆ ಸಿಗುವುದು ಹೆಚ್ಚುಕಡಿಮೆ ಒಂದು ಯೂನಿಟ್. ಹೀಟರ್ ಒಂದು ಗಂಟೆ ಓಡಲು ಅಷ್ಟು ಎತ್ತರದಿಂದ ಎರಡು ಸಾವಿರ ಲೀಟರ್ ನೀರು ಇಳಿಯಬೇಕು. ಆ ನೀರಿಗಾಗಿ ಊರು, ತೋಟ ಬಿಟ್ಟು ಎದ್ದುಹೋದವರು ನಮ್ಮ ನಡುವೆಯೇ ಇದ್ದಾರೆ. ಬೇಡದ ಹೊತ್ತಿನಲ್ಲಿ ಸ್ವಿಚ್ ಆರಿಸುವುದು ಅವರಿಗೆ ನಾವು ತೋರುವ ಮರ್ಯಾದೆಯೂ ಹೌದು.

ಹಳ್ಳಿಯವರಿಗೆ ಇನ್ನೊಂದು ಮಾತು. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ 2000 ವಾಟ್‌ನ ಹೀಟರ್ ಕೊಡುವುದು ಸುಮಾರು 1200 ವಾಟ್ ಮಾತ್ರ. ಫ್ಯಾನೂ ನಿಧಾನವಾಗುತ್ತದೆ. ಸಾಲದೆಂದು ಹತ್ತಿರ ಎಳೆದುಕೊಂಡು ಕೂರಬೇಡಿ. ಮಧ್ಯರಾತ್ರಿ ವೋಲ್ಟೇಜ್ ಏರಿದಾಗ ಅದೇ ಹೀಟರ್ ಪೂರ್ತಿ ಬಲದಿಂದ ನಿಮ್ಮ ಕಂಬಳಿಯ ಪಕ್ಕದಲ್ಲೇ ಇರುತ್ತದೆ. ಕರೆಂಟು ಹೋದಾಗಲಂತೂ ಸ್ವಿಚ್ ಆರಿಸುವುದನ್ನು ಮರೆಯಬೇಡಿ.

ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸಿದಾಗ ಹೀಟರನ್ನು ಒಮ್ಮೆ ಕೂಲಂಕಷವಾಗಿ ನೋಡಿ. ಇಲಿ ವೈರು ಕಡಿದಿದೆಯೇ? ಒಳಗೆ ಜೇಡ, ಜಿರಲೆ ಮನೆ ಮಾಡಿವೆಯೇ? ಪ್ಲಗ್ ಸಿಕ್ಕಿಸುವ ಮುನ್ನವೇ ಮೆತ್ತನೆಯ ಬ್ರಷ್ಷಿನಿಂದ ಜಾಲರಿಯ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಮೊದಲ ಸಲ ಹಾಕಿದಾಗ ಒಂದೆರಡು ನಿಮಿಷ ಧೂಳು ಸುಟ್ಟ ವಾಸನೆ ಬಂದು ಹೋಗುವುದು ಸಹಜ. ಹೋಗದೆ ಉಳಿದರೆ ಆರಿಸಿಬಿಡಿ. ಆರಿಸುವಾಗ ಬರೀ ಫ್ಯಾನ್ ಓಡುವ ಗುರುತಿಗೆ ತಿರುಗಿಸಿ ಒಂದು ನಿಮಿಷ ಬಿಟ್ಟರೆ ಕಾಯಿಲಿನಲ್ಲಿ ಉಳಿದ ಬಿಸಿಯೂ ಹೊರಹೋಗುತ್ತದೆ. ಆಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ.

ಇಷ್ಟಾದರೂ ಎಲ್ಲಾದರೂ ಹೊಗೆ, ಕಿಡಿ ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಿ. ಕರೆಂಟು ಇರುವಾಗ ನೀರು ಎರಚಬೇಡಿ. ಮಕ್ಕಳನ್ನು, ಹಿರಿಯರನ್ನು ಹೊರಗೆ ಕಳಿಸಿ, ಮರಳನ್ನೋ ಒಣ ಮಣ್ಣನ್ನೋ ಹಾಕಿ. ಉರಿ ಕೈಮೀರುವಂತಿದ್ದರೆ ಬಾಗಿಲು ಎಳೆದುಕೊಂಡು ನೀವೂ ಹೊರಬಂದು 112ಕ್ಕೆ ಕರೆ ಮಾಡಿ.

ಕೇಳುಗರೇ, ಅಜ್ಜಿಯ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಕಂಡದ್ದರಿಂದಲೇ ಅದರ ಹತ್ತಿರ ಬಟ್ಟೆ ಇಡುತ್ತಿರಲಿಲ್ಲ, ಅದನ್ನು ಬಿಟ್ಟು ಮಲಗುತ್ತಿರಲಿಲ್ಲ. ಹೀಟರಿನಲ್ಲಿರುವುದೂ ಬೆಂಕಿಯಷ್ಟೇ ಬಿಸಿ, ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಇರುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ. ಆ ರಾತ್ರಿ ಅಮ್ಮನಿಗೆ ಎಚ್ಚರವಾಗದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಮರುದಿನವೇ ಆ ಬಾಕ್ಸನ್ನು ಎಸೆದು, ಕೋಣೆಗೆ ಪವರ್ ಪಾಯಿಂಟ್ ಹಾಕಿಸಿದೆವು. ಹೀಟರ್ ಓಡುವಷ್ಟು ಹೊತ್ತು ಅಜ್ಜಿ ಅದರ ಎದುರು ಮಣೆ ಹಾಕಿಕೊಂಡು ಕೂರುತ್ತಿದ್ದಳು, ಅಗ್ಗಿಷ್ಟಿಕೆಯ ಮುಂದೆ ಕೂರುತ್ತಿದ್ದ ಹಾಗೆಯೇ. ಮಲಗುವ ಹೊತ್ತಾದಾಗ "ತಮಾ, ಬೆಂಕಿ ಹೊರಗಿಡು" ಎನ್ನುತ್ತಿದ್ದಳು. ನಾನು ಹೋಗಿ ಸ್ವಿಚ್ ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡಿ, ಕಿತ್ತಿಡುತ್ತಿದ್ದೆ.

ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಹೀಟರ್ ಹಾಕುವವರಿದ್ದರೆ ಮಲಗುವ ಮುನ್ನ ನೀವೂ ಹಾಗೆಯೇ ಮಾಡಿ. ನಿಮಗೆಲ್ಲರಿಗೂ ಬೆಚ್ಚನೆಯ, ನೆಮ್ಮದಿಯ ನಿದ್ದೆ ಬರಲಿ.